ಸಾಗರಸೇನಾನಿ ಭಾಸ್ಕರ ಸದಾಶಿವ ಸೋಮನ್

ಶಸ್ತ್ರವನ್ನೆತ್ತುವುದು ಶೌರ್ಯ; ಎತ್ತಬಲ್ಲವನು ರಾಜಾಜ್ಞೆಗೆ ತಲೆವಾಗಿ ಅದನ್ನು ತಡೆಹಿಡಿಯುವುದು ಅದಕ್ಕಿಂತಲೂ ಕಠಿನವಾದ ವ್ರತ. ಈ ಎರಡನ್ನೂ ತಮ್ಮ ಬಾಳಿನಲ್ಲಿ ಕಂಡುಂಡ ಸೇನಾನಿ ವೈಸ್ ಅಡ್ಮಿರಲ್ ಭಾಸ್ಕರ ಸದಾಶಿವ ಸೋಮನ್ ಅವರು.

1913ರಲ್ಲಿ ಜನಿಸಿದ ಸೋಮನ್ನರು ಬ್ರಿಟಿಷರ ಆಳ್ವಿಕೆಯಲ್ಲಿಯೇ ನೌಕಾಸೇನೆಯನ್ನು ಸೇರಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದರಲ್ಲಿ ಸೇವೆ ಸಲ್ಲಿಸಿ, ಸ್ವಾತಂತ್ರ್ಯಾನಂತರ ಹಂತಹಂತವಾಗಿ ಮೇಲೇರಿ ಭಾರತೀಯ ನೌಕಾಪಡೆಯ ಹಡಗುಗಳ ಸಮೂಹಕ್ಕೆ ಅಧಿಪತಿಗಳಾದರು.

ಕಾರವಾರದ ಕಡಲಿನಲ್ಲಿರುವ ಅಂಜದೀವ್ ದ್ವೀಪವು ಆಗ ಗೋವೆಯೊಡನೆ ಪೋರ್ಚುಗೀಸರ ವಶದಲ್ಲಿತ್ತು. 1961ರ ನವೆಂಬರಿನಲ್ಲಿ ಅಲ್ಲಿಯ ಸೈನಿಕರು ಸಾಬರಮತಿ ಎಂಬ ಪ್ರಯಾಣಿಕ ಹಡಗಿನ ಮೇಲೆ ಗುಂಡು ಹಾರಿಸಿದರು. ಕೆಲವೇ ದಿನಗಳಲ್ಲಿ, ಅಂಕೋಲೆಯ ಸೀಮೆಯ ಹಾರವಾಡದಿಂದ ಮೀನುಗಾರಿಕೆಗೆ ಹೊರಟಿದ್ದ ದೋಣಿಗಳು ಅವರ ಗುಂಡಿಗೆ ಗುರಿಯಾಗಿ, ಬಡ ಬೆಸ್ತನೊಬ್ಬನು ಪ್ರಾಣವನ್ನು ನೀಗಿದನು. ಬಲೆಯನ್ನಲ್ಲದೆ ಬೇರಾವ ಆಯುಧವನ್ನೂ ಅರಿಯದ ಜನರಿಗೆ ಸಮುದ್ರವೇ ಭಯದ ತಾಣವಾಯಿತು.

ಡಿಸೆಂಬರ್ 18ರಂದು ಸೋಮನ್ನರ ಅಧೀನದ ಮೈಸೂರು ಮತ್ತು ತ್ರಿಶೂಲ್ ಯುದ್ಧನೌಕೆಗಳು ಆ ದ್ವೀಪವನ್ನು ಮುತ್ತಿದವು. ಶತ್ರುಗಳು ಬಿಳಿಯ ಬಾವುಟವನ್ನು ತೋರಿಸಿ, ದಡವೇರುತ್ತಿದ್ದ ನಾವಿಕರ ಮೇಲೆ ಗುಂಡಿನ ಮಳೆಗರೆದರು. 7 ಮಂದಿ ವೀರಸ್ವರ್ಗವನ್ನು ಸೇರಿದರು. ಮರುದಿನ ದ್ವೀಪವು ಸಂಪೂರ್ಣವಾಗಿ ಕೈವಶವಾಯಿತು. ಬೆಸ್ತರ ದೋಣಿಗಳ ದಾರಿ ನಿರ್ಭಯವಾಯಿತು.

1962ರ ಜೂನಿನಲ್ಲಿ ಸೋಮನ್ನರು ನೌಕಾಸೇನೆಯ ಮುಖ್ಯಸ್ಥರಾದರು. 1965ರ ಪಾಕಿಸ್ತಾನದ ಯುದ್ಧವು ಅವರಿಗೆ ಅಗ್ನಿಪರೀಕ್ಷೆಯಾಗಿ ಬಂದಿತು. ಪೋರಬಂದರಿನ ಉತ್ತರಕ್ಕೆ ಹಡಗುಗಳು ದಾಟಕೂಡದೆಂದು ಸರ್ಕಾರವು ಕಟ್ಟಪ್ಪಣೆ ಮಾಡಿತು. ಸೆಪ್ಟೆಂಬರ್ 7ರ ರಾತ್ರಿ ಶತ್ರುನೌಕೆಗಳು ದ್ವಾರಕೆಯ ಮೇಲೆ ಗುಂಡಿನ ದಾಳಿ ನಡೆಸಿದವು. ಹಾನಿ ಅಲ್ಪವಾದರೂ ಅವಮಾನ ಅಲ್ಪವಾಗಿರಲಿಲ್ಲ. ಸೋಮನ್ನರು ಆ ಆಜ್ಞೆಗೆ ತಮ್ಮ ವಿರೋಧವನ್ನು ಮೇಲಿನವರ ಮುಂದೆ ಮುಚ್ಚುಮರೆಯಿಲ್ಲದೆ ನಿವೇದಿಸಿದರು. ಆದರೆ ಅದನ್ನು ಮೀರಲಿಲ್ಲ. ಲೋಕಾಪವಾದವನ್ನು ಮೌನವಾಗಿ ಹೊತ್ತರು.

ಆ ಮೌನವು ನಿಷ್ಕ್ರಿಯತೆಯಾಗಿರಲಿಲ್ಲ. ಜಲಾಂತರ್ಗಾಮಿಗಳಿಗಾಗಿ ಸೋವಿಯತ್ ದೇಶದೊಡನೆ ಒಪ್ಪಂದವಾದುದು ಅವರ ಅಧಿಕಾರಾವಧಿಯಲ್ಲಿಯೇ. 1966ರ ಮಾರ್ಚಿಯಲ್ಲಿ ಅವರು ನಿವೃತ್ತರಾದರು. ಮರುವರ್ಷ ಕಲ್ವರಿ ಎಂಬ ಮೊದಲ ಜಲಾಂತರ್ಗಾಮಿಯು ನಮ್ಮ ಸೇನೆಯನ್ನು ಸೇರಿತು. 1971ರ ಯುದ್ಧದಲ್ಲಿ ನಮ್ಮ ಕ್ಷಿಪಣಿದೋಣಿಗಳು ಕರಾಚಿಯನ್ನೇ ಹೊಕ್ಕು ಹೊಡೆದಾಗ ಹಳೆಯ ಅಪವಾದವು ತೊಳೆದುಹೋಯಿತು.

1995ರಲ್ಲಿ ಸೋಮನ್ನರು ಕಾಲವಶರಾದರು. ಹತ್ತು ವರ್ಷಗಳ ತರುವಾಯ, 2005ರಲ್ಲಿ, ಅದೇ ಕಾರವಾರದ ತೀರದಲ್ಲಿ ಕದಂಬ ನೌಕಾನೆಲೆಯು ಕಾರ್ಯಾರಂಭ ಮಾಡಿತು. ಅಂದು ಬೆಸ್ತರು ಅಂಜಿ ನೋಡುತ್ತಿದ್ದ ಅಂಜದೀವ್ ಇಂದು ನಮ್ಮ ನೌಕಾಪಡೆಯ ರಕ್ಷೆಯಲ್ಲಿದೆ. ಆ ನಿರ್ಭಯತೆಗಾಗಿ ಪ್ರಾಣವನ್ನಿತ್ತ ನಾವಿಕರನ್ನೂ ಅವರ ಸೇನಾನಿಯನ್ನೂ ಈ ಕರಾವಳಿಯ ಮಕ್ಕಳು ಮರೆಯಲಾಗದು.