ಬಡವರ ಮನೆಬಾಗಿಲಿಗೆ ನಡೆದ ಧನ್ಯ ಫ್ರೆಡರಿಕ್ ಓಝನಾಂ

ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಹೆಸರನ್ನು ಕೇಳದ ಕಥೋಲಿಕರು ವಿರಳ. ಅದನ್ನು ಆರಂಭಿಸಿದವರು ಗುರುಗಳಲ್ಲ, ಸನ್ಯಾಸಿಗಳಲ್ಲ, ಬಹುಪಾಲು ಕಾಲೇಜು ವಿದ್ಯಾರ್ಥಿಗಳೆಂಬುದನ್ನು ಮಾತ್ರ ನಾವು ಮರೆಯುತ್ತೇವೆ. ಅವರಲ್ಲಿ ಅಗ್ರಗಣ್ಯರು ಫ್ರೆಡರಿಕ್ ಓಝನಾಂ.

1813ರ ಏಪ್ರಿಲ್ 23ರಂದು ಇಟಲಿಯ ಮಿಲಾನ್ ನಗರದಲ್ಲಿ ಜನಿಸಿ, ಫ್ರಾನ್ಸಿನ ಲಿಯೋನ್‌ನಲ್ಲಿ ಬೆಳೆದ ಇವರು 1831ರಲ್ಲಿ ನ್ಯಾಯಶಾಸ್ತ್ರದ ವ್ಯಾಸಂಗಕ್ಕಾಗಿ ಪ್ಯಾರಿಸಿಗೆ ಬಂದರು. ಮರುವರ್ಷವೇ ಕಾಲರಾ ಮಾರಿ ಆ ನಗರವನ್ನು ಸೂರೆಗೊಂಡಿತು. ವಿದ್ಯಾರ್ಥಿಗಳ ಚರ್ಚಾಕೂಟದಲ್ಲಿ ಓಝನಾಂ ಧರ್ಮಸಭೆಯ ಪೂರ್ವದ ಸತ್ಕಾರ್ಯಗಳನ್ನು ಎತ್ತಿಹಿಡಿದಾಗ, ಅದಿರಲಿ, ಇಂದು ಬಡವರಿಗಾಗಿ ನೀವು ಮಾಡುತ್ತಿರುವುದೇನೆಂದು ಎದುರಾಳಿಗಳು ಪ್ರಶ್ನಿಸಿದರು. ವಾದಕ್ಕೆ ಪ್ರತಿವಾದ ಹೂಡದೆ, ಆ ಪ್ರಶ್ನೆ ನ್ಯಾಯವಾದುದೆಂದು ಒಪ್ಪಿದುದರಲ್ಲೇ ಅವರ ಹಿರಿಮೆಯಿದೆ ಎಂದು ನಾವು ಭಾವಿಸುತ್ತೇವೆ. 1833ರಲ್ಲಿ, ತಮ್ಮ 20ನೆಯ ಹುಟ್ಟುಹಬ್ಬದಂದೇ, ಹಿರಿಯರಾದ ಎಮಾನ್ಯುಯೆಲ್ ಬೈಯಿಯವರ ಪತ್ರಿಕಾ ಕಚೇರಿಯಲ್ಲಿ ಅವರು ಕೆಲವೇ ಗೆಳೆಯರೊಡನೆ ಸೇವಾಕಾರ್ಯಕ್ಕೆ ನಾಂದಿ ಹಾಡಿದರು. ಧರ್ಮಭಗಿನಿ ರೊಸಾಲಿ ರೆಂದ್ಯು ಈ ಯುವಕರಿಗೆ ಬಡಕುಟುಂಬಗಳ ವಿಳಾಸವನ್ನೂ ರೊಟ್ಟಿಯ ಚೀಟಿಗಳನ್ನೂ ಒದಗಿಸಿದರು.

ಚೀಟಿಗಳನ್ನು ಆಳಿನ ಕೈಯಲ್ಲಿ ಕಳುಹಿಸಬಹುದಿತ್ತು. ಕಳುಹಿಸಲಿಲ್ಲ, ತಾವೇ ಹೋದರು, ಕುಳಿತು ಕಷ್ಟಸುಖ ಕೇಳಿದರು. ಮನೆಭೇಟಿಯೇ ಸಭೆಯ ಜೀವಾಳವಾಯಿತು. ಮುಂದೆ ಸೋರ್ಬಾನಿನ ಪ್ರಾಧ್ಯಾಪಕರಾಗಿ, 1841ರಲ್ಲಿ ಅಮೆಲಿಯವರನ್ನು ವರಿಸಿ ಸಂಸಾರಸ್ಥರಾದ ಮೇಲೂ ಓಝನಾಂ ಈ ಪದ್ಧತಿಯನ್ನು ಬಿಡಲಿಲ್ಲ. ಅವರ ಚರಿತ್ರಕಾರರು ಹೇಳುವ ಒಂದು ಸಂಗತಿಯುಂಟು. ಹೊಸವರ್ಷದ ದಿನ, ಒಂದು ಬಡಕುಟುಂಬವು ತನ್ನ ಹಳೆಯ ಬೀರುವನ್ನು ಒತ್ತೆಯಿಟ್ಟಿದೆಯೆಂದು ತಿಳಿದು, ಅದನ್ನು ಬಿಡಿಸಿಕೊಡಲು ಬಯಸಿದರು. ಪತ್ನಿಯ ಮಾತಿನಂತೆ ಸುಮ್ಮನಾದರು. ಸಂಜೆ ಮಗಳ ಸುತ್ತ ಹರಡಿದ್ದ ಆಟಿಕೆಗಳನ್ನು ಕಂಡಾಗ ಮನಸ್ಸು ತಡೆಯಲಿಲ್ಲ. ಆಗಲೇ ಹೊರಟು, ಬೀರುವನ್ನು ಬಿಡಿಸಿ ಆ ಮನೆ ಸೇರಿಸಿ ಬಂದರಂತೆ.

ಆದರೆ ದಾನವೊಂದರಿಂದಲೇ ಬಡತನ ನೀಗದೆಂಬ ಅರಿವೂ ಅವರಿಗಿತ್ತು. ಲಿಯೋನ್‌ನಲ್ಲಿ ವಾಣಿಜ್ಯ ಕಾನೂನು ಬೋಧಿಸುವಾಗಲೇ ಕಾರ್ಮಿಕನಿಗೆ ನ್ಯಾಯವಾದ ಕೂಲಿ ಸಲ್ಲಬೇಕೆಂದು ವಾದಿಸಿದ್ದರು. 1848ರ ಜೂನ್ ತಿಂಗಳಲ್ಲಿ ಪ್ಯಾರಿಸಿನ ಕೂಲಿಕಾರರು ದಂಗೆಯೆದ್ದಾಗ, ಮಧ್ಯಸ್ಥಿಕೆ ವಹಿಸುವಂತೆ ಮಹಾಧರ್ಮಾಧ್ಯಕ್ಷ ಆಫ್ರ್ ಅವರನ್ನು ವಿನಂತಿಸಿದವರಲ್ಲಿ ಓಝನಾಂ ಒಬ್ಬರು. ಶಾಂತಿಗಾಗಿ ತೆರಳಿದ ಆ ಪೂಜ್ಯರು ಗುಂಡೇಟಿಗೆ ಬಲಿಯಾದರು. ಈ ಆಘಾತದ ನಂತರವೂ ಓಝನಾಂ ಬಡವರನ್ನು ದೂರಲಿಲ್ಲ. ಅವರ ಸಂಕಟವನ್ನು ಕಾಣಿರೆಂದು ಉಳ್ಳವರಿಗೂ ಗುರುವರ್ಗಕ್ಕೂ ತಮ್ಮ ಪತ್ರಿಕೆಯಲ್ಲಿ ಬರೆದರು.

ದೇಹಸ್ಥಿತಿ ಕ್ಷೀಣಿಸಿ, 1853ರ ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನನೋತ್ಸವದ ದಿನ, ಮಾರ್ಸೇಲ್ಸ್ ನಗರದಲ್ಲಿ ದೈವಾಧೀನರಾದಾಗ ಅವರಿಗೆ ವಯಸ್ಸು ಕೇವಲ 40. ಜಗದ್ಗುರು ಎರಡನೆಯ ಜಾನ್ ಪಾಲ್‌ರವರು 1997ರ ಆಗಸ್ಟ್ 22ರಂದು ಪ್ಯಾರಿಸಿನಲ್ಲೇ ಅವರನ್ನು ಧನ್ಯರೆಂದು ಸಾರಿದರು.