ರೇಟ್ ಮಾತಾಡೋಕೆ ಹೆದರ್ತಿದ್ದ ಜೇಮ್ಸ್ ವಾಟ್

ಸ್ಟೀಮ್ ಇಂಜಿನ್ ಅಂದ್ರೆ ನಮಗೆ ನೆನಪಾಗೋದು ಸ್ಕಾಟ್ಲೆಂಡಿನ ಜೇಮ್ಸ್ ವಾಟ್ (1736–1819). ಆದ್ರೆ ಅವರು ವರ್ಷಗಟ್ಟಲೆ ಫ್ರೀಲಾನ್ಸರ್ ಆಗಿದ್ರು. ಆವಿಯನ್ನು ಬೇರೆ ಪಾತ್ರೆಯಲ್ಲಿ ತಣಿಸುವ ಕಂಡೆನ್ಸರ್ ಐಡಿಯಾ ಹೊಳೆದದ್ದು 1765ರಲ್ಲಿ. 1769ರಲ್ಲಿ ಪೇಟೆಂಟೂ ಸಿಕ್ತು. ಇಂಜಿನ್ ಕಟ್ಟೋಕೆ ಸಾಲುವಷ್ಟು ದುಡ್ಡು ಮಾತ್ರ ಇರಲಿಲ್ಲ.

ಮನೆ ನಡೆಸೋಕೆ ಕಾಲುವೆಗಳ ಸರ್ವೆ ಕೆಲಸ ಹಿಡಿದ್ರು. ಚೌಕಾಸಿ ಮಾಡೋದು ಅವರಿಗೆ ಫಿರಂಗಿ ಎದುರು ನಿಲ್ಲೋದಕ್ಕಿಂತ ಕಷ್ಟ. 1773ರಲ್ಲಿ ಸರ್ವೆಗೆ ದೂರ ಹೋಗಿದ್ದಾಗ ಹೆಂಡತಿ ಮಾರ್ಗರೆಟ್ ಹೆರಿಗೆಯಲ್ಲಿ ತೀರಿಕೊಂಡರು. ಅದೇ ವರ್ಷ ಹಣ ಹಾಕಿದ್ದ ರೋಬಕ್ ದಿವಾಳಿಯಾದರು.

ರೋಬಕ್ ಪಾಲು ಬರ್ಮಿಂಗ್‌ಹ್ಯಾಮಿನ ಕಾರ್ಖಾನೆ ಮಾಲೀಕ ಮ್ಯಾಥ್ಯೂ ಬೋಲ್ಟನ್ ಕೈಸೇರಿತು. 1775ರಿಂದ ಇಬ್ಬರೂ ಪಾಲುದಾರರು. ಗಿರಾಕಿ, ವ್ಯವಹಾರ ಬೋಲ್ಟನ್‌ದು, ಇಂಜಿನ್ ವಾಟ್‌ದು. ಮರುವರ್ಷವೇ ಅವರ ಇಂಜಿನ್‌ಗಳು ಓಡತೊಡಗಿದವು.

ಪ್ರಾಜೆಕ್ಟ್ ಸಿಗದೆ ಕೂತಿರೋ ಕೋಡಿಂಗ್ ಗೆಳೆಯರೇ, ಕೆಲಸ ಗೊತ್ತಿರೋದು ಬೇರೆ, ಕೆಲಸ ತರೋದು ಬೇರೆ. ಎರಡನೆಯದು ಆಗದಿದ್ರೆ ಒಬ್ಬ ಬೋಲ್ಟನ್‌ನನ್ನು ಜೊತೆಗೆ ಸೇರಿಸ್ಕೊಳ್ಳಿ.