ಸೇವಕರನ್ನು ಬೆಳೆಸಿದ ಸೇವಕ: ಡಾ. ನಾ. ಸು. ಹರ್ಡೀಕರ

ದೊಡ್ಡ ಸಭೆ ಮುಗಿದ ಮೇಲೆ ಭಾಷಣ ಮಾಡಿದವರ ಹೆಸರು ಎಲ್ಲರಿಗೂ ನೆನಪಿರುತ್ತದೆ. ಚಪ್ಪರ ಹಾಕಿದವರು, ನೀರು ಹೊತ್ತವರು, ಕಸ ಗುಡಿಸಿದವರು ಯಾರೆಂದು ಯಾರೂ ಕೇಳೋದಿಲ್ಲ. ಅಂಥ ಕಾರ್ಯಕರ್ತರನ್ನು ತಯಾರು ಮಾಡುವುದನ್ನೇ ಬಾಳಿನ ಉದ್ಯೋಗ ಮಾಡಿಕೊಂಡ ಮಹನೀಯರು ಡಾ. ನಾರಾಯಣ ಸುಬ್ಬರಾವ್ ಹರ್ಡೀಕರರು.

1889ರಲ್ಲಿ ಧಾರವಾಡ ಜಿಲ್ಲೆಯಲ್ಲಿ ಜನಿಸಿದ ಅವರು ಕಲಕತ್ತೆಯಲ್ಲಿ ವೈದ್ಯಕೀಯ ಓದಿದರು. ಮುಂದೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದ ವಿಷಯದಲ್ಲಿ ಉಚ್ಚ ವ್ಯಾಸಂಗ ಮಾಡಿದರು. ಅಲ್ಲಿಯೇ ಲಾಲಾ ಲಜಪತರಾಯರ ಬಲಗೈಯಾಗಿ ನಿಂತು ಭಾರತದ ಸ್ವರಾಜ್ಯಕ್ಕಾಗಿ ಪ್ರಚಾರ ನಡೆಸಿದರು. 1921ರಲ್ಲಿ ಊರಿಗೆ ಮರಳಿದಾಗ ದವಾಖಾನೆ ತೆಗೆದು ಕೈತುಂಬ ಗಳಿಸಬಹುದಿತ್ತು. ಅದನ್ನು ಬಿಟ್ಟು ಹುಬ್ಬಳ್ಳಿಯ ಹುಡುಗರನ್ನು ಕಟ್ಟಿಕೊಂಡು ಸೇವಾ ಮಂಡಳದ ಕೆಲಸಕ್ಕೆ ನಿಂತರು.

1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಈ ಮಂಡಳಕ್ಕೆ ನಿಜವಾದ ಪರೀಕ್ಷೆ ಬಂತು. ಜೈಲಿನ ಕಷ್ಟ ತಾಳಲಾರದೆ ಎಷ್ಟೋ ಜನ ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹುಬ್ಬಳ್ಳಿಯ ಹುಡುಗರು ಮಾತ್ರ ಬರೆದುಕೊಡಲಿಲ್ಲ. ಉತ್ಸಾಹ ಎಲ್ಲರಲ್ಲೂ ಇತ್ತು, ಇವರಲ್ಲಿ ತರಬೇತಿ ಇತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಕಾಕಿನಾಡ ಕಾಂಗ್ರೆಸ್ ಅಧಿವೇಶನದ ಹೊತ್ತಿಗೆ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಮೊದಲ ಅಧ್ಯಕ್ಷರು ಪಂಡಿತ ಜವಾಹರಲಾಲ ನೆಹರು. ಸಂಘಟನೆಯ ಭಾರವೆಲ್ಲ ಹರ್ಡೀಕರರ ಹೆಗಲ ಮೇಲೆ.

ಕವಾಯತು, ಶಿಸ್ತು ಅಂದರೆ ಇದೇನು ಸೈನ್ಯ ಕಟ್ತಾರೇನು ಎಂದು ಕಾಂಗ್ರೆಸ್ಸಿನ ಕೆಲವು ಮುಖಂಡರೇ ಅನುಮಾನಪಟ್ಟರು. ಡಾಕ್ಟರರು ವಾದಕ್ಕಿಂತ ಕೆಲಸದಿಂದ ಉತ್ತರ ಕೊಟ್ಟರು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಬೆಳಗಾವಿ ಅಧಿವೇಶನದಲ್ಲಿ ಸ್ವಯಂಸೇವಕರ ವ್ಯವಸ್ಥೆ ದೇಶದ ಕಣ್ಣಿಗೆ ಬಿತ್ತು. ಕಮಲಾದೇವಿ ಚಟ್ಟೋಪಾಧ್ಯಾಯರು ಮಹಿಳಾ ಸ್ವಯಂಸೇವಕಿಯರ ಮುಂದಾಳಾದರು. ಹೆಣ್ಣುಮಕ್ಕಳು ಸಭೆಗೆ ಬರುವುದೇ ಅಪರೂಪವಾಗಿದ್ದ ಕಾಲವದು. ಮುಂದೆ 1931ರಲ್ಲಿ ಕಾಂಗ್ರೆಸ್ ಸೇವಾದಳವನ್ನು ತನ್ನ ಅಂಗವಾಗಿ ಸ್ವೀಕರಿಸಿತು. ಮರುವರ್ಷವೇ ಬ್ರಿಟಿಷ್ ಸರಕಾರ ಅದನ್ನು ನಿಷೇಧಿಸಿತು. ಕೈಯಲ್ಲಿ ಆಯುಧವಿಲ್ಲದ ಶಿಸ್ತಿಗೂ ಸರಕಾರ ಅಂಜಿತ್ತು!

ಕಲಿತ ವೈದ್ಯವಿದ್ಯೆಯನ್ನೂ ಅವರು ಮರೆಯಲಿಲ್ಲ. ಡಾ. ಕೊಕಟನೂರ ಮೊದಲಾದವರ ಜೊತೆ ಸೇರಿ ಗೋಕಾಕ ತಾಲ್ಲೂಕಿನ ಘಟಪ್ರಭೆಯಲ್ಲಿ 1929ರಲ್ಲಿ ಕರ್ನಾಟಕ ಆರೋಗ್ಯ ಧಾಮ ಕಟ್ಟಿದರು. ಸ್ವಾತಂತ್ರ್ಯಾನಂತರ 1952ರಿಂದ 1962ರವರೆಗೆ ರಾಜ್ಯಸಭೆಯ ಸದಸ್ಯರಾಗಿದ್ದರು. 1958ರಲ್ಲಿ ಪದ್ಮಭೂಷಣ ಬಂತು. 1975ರಲ್ಲಿ ನಿಧನರಾದರು.

ಸಹಕಾರಿ ಬಂಧುಗಳೇ, ಬೆಳ್ಳಿಹಬ್ಬದ ಈ ಹೊತ್ತಿನಲ್ಲಿ ಈ ಜೀವನವನ್ನು ನೆನೆಯಲು ಕಾರಣವಿದೆ. ಸಂಘಕ್ಕೆ ಅಧ್ಯಕ್ಷರಾಗಲು ಸ್ಪರ್ಧೆ ಇರುತ್ತದೆ. ಲೆಕ್ಕ ಕಲಿಯಲು, ಸರ್ವ ಸಾಧಾರಣ ಸಭೆಗೆ ಜಮಖಾನೆ ಹಾಸಲು, ಸಾಲದ ಕಂತು ತಪ್ಪಿದವರ ಮನೆಗೆ ಹೋಗಿ ನಾಲ್ಕು ಮಾತು ತಿಳಿ ಹೇಳಲು ಮಾತ್ರ ಜನ ಸಿಗೋದಿಲ್ಲ. ಮುಂದಾಳು ತಾನಾಗಿ ಹುಟ್ಟಿ ಬರೋದಿಲ್ಲ, ಅವನನ್ನು ತಯಾರು ಮಾಡಬೇಕು. ಪ್ರತಿ ವರ್ಷ ಊರಿನ ನಾಲ್ಕು ಹುಡುಗ ಹುಡುಗಿಯರಿಗೆ ಈ ಕೆಲಸ ಕಲಿಸಿದರೂ ಸಾಕು, ಸುವರ್ಣ ಮಹೋತ್ಸವದ ಹೊತ್ತಿಗೆ ಸಂಘ ನಡೆಸುವವರು ಯಾರು ಎಂಬ ಚಿಂತೆ ನಮಗೆ ಇರಲಾರದು.